ಮೋನೋನಾ, ಪಾಲಿನಾ? ಮನೆಗೆ ಮೊದಲ ಸೋಲಾರ್ ಹಾಕಿಸುವ ಮುನ್ನ ಇದನ್ನು ಓದಿ

ಬೇಸಿಗೆ ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸೋಲಾರ್ ಫಾರ್ವರ್ಡ್‌ಗಳೂ ಹೆಚ್ಚುತ್ತವೆ. ಮೋನೋ ಪ್ಯಾನೆಲ್ ಹಾಕಿಸಿದರೆ ಪಾಲಿಗಿಂತ ಒಂದೂವರೆ ಪಟ್ಟು ಕರೆಂಟ್ ಬರುತ್ತದೆ ಎಂದು ಒಂದು ಮೆಸೇಜ್ ಹೇಳುತ್ತದೆ. ನಮ್ಮ ಕಡೆಯ ಬಿಸಿಲಿಗೆ ಪಾಲಿಯೇ ತಡೆಯುವುದು, ಮೋನೋ ಕಾದು ಹಾಳಾಗುತ್ತದೆ ಎಂದು ಇನ್ನೊಂದು. ಸರ್ಕಾರ ಉಚಿತವಾಗಿ ಸೋಲಾರ್ ಕೊಡುತ್ತಿದೆ, ಈ ಲಿಂಕ್ ಒತ್ತಿ ಎಂದು ಮೂರನೆಯದು.

ಚಿಂತಾಮಣಿಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿ, ಈಗ ತಾರಸಿಯ ಮೇಲೆ ಸೋಲಾರ್ ಹಾಕಿಸೋಣ ಎಂದುಕೊಂಡವರು ಇವುಗಳಲ್ಲಿ ಯಾವುದನ್ನು ನಂಬಬೇಕು? ಒಂದೂವರೆ, ಎರಡು ಲಕ್ಷ ರೂಪಾಯಿಯ ವಿಷಯ. ಒಮ್ಮೆ ಬೋಲ್ಟ್ ಹಾಕಿ ಕೂರಿಸಿದರೆ 25 ವರ್ಷ ಅಲ್ಲೇ ಇರುವ ವಸ್ತು. ಹಾಗಾಗಿ ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಸಬ್ಸಿಡಿ ತೆಗೆದುಕೊಂಡು ಹಾಕಿಸುವುದಾದರೆ ಮೋನೋ, ಪಾಲಿ ಎಂಬ ಚರ್ಚೆ ಹೆಚ್ಚುಕಡಿಮೆ ಮುಗಿದಿದೆ. ನಿಮಗೆ ಸಿಗುವುದು ಮೋನೋ ಜಾತಿಯ ಪ್ಯಾನೆಲ್ಲೇ. ಮೊದಲ ಸಲ ಹಾಕಿಸುವವರ ದುಡ್ಡು ಪೋಲಾಗುವುದು ಪ್ಯಾನೆಲಿನ ಜಾತಿಯಿಂದಲ್ಲ. ಅದು ಪೋಲಾಗುವುದು ನೆರಳಿನಿಂದ, ತಪ್ಪು ಅಳತೆಯಿಂದ ಮತ್ತು ಕೊಟೇಶನ್ ಸರಿಯಾಗಿ ಓದದೆ ಸಹಿ ಹಾಕುವುದರಿಂದ.

ಕಲ್ಲುಸಕ್ಕರೆ ಮತ್ತು ಬೆಲ್ಲದ ಅಚ್ಚು

ಎರಡೂ ಪ್ಯಾನೆಲ್‌ಗಳ ಮೂಲವಸ್ತು ಒಂದೇ, ಸಿಲಿಕಾನ್. ವ್ಯತ್ಯಾಸ ಅದನ್ನು ಗಟ್ಟಿ ಮಾಡುವ ರೀತಿಯಲ್ಲಿದೆ.

ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ದಾರ ಇಳಿಬಿಟ್ಟು ಹರಳು ನಿಧಾನವಾಗಿ ಬೆಳೆಯಲು ಬಿಡುತ್ತಾರಲ್ಲ, ಮೋನೋ ತಯಾರಿಕೆ ಸುಮಾರಾಗಿ ಹಾಗೆಯೇ. ಕರಗಿದ ಸಿಲಿಕಾನ್‌ಗೆ ಒಂದು ಸಣ್ಣ ಬೀಜದ ಹರಳನ್ನು ತಾಗಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲೆಳೆಯುತ್ತಾರೆ. ಇಡೀ ದಿಮ್ಮಿ ಒಂದೇ ಹರಳಾಗಿ ಬೆಳೆಯುತ್ತದೆ. ಅದನ್ನು ತೆಳ್ಳಗೆ ಕೊಯ್ದರೆ ಒಂದೇ ಬಣ್ಣದ ಕಪ್ಪು ಸೆಲ್ ಸಿಗುತ್ತದೆ.

ಪಾಲಿ ಎಂದರೆ ಬೆಲ್ಲದ ಅಚ್ಚಿನ ಹಾಗೆ. ಕರಗಿದ್ದನ್ನು ಅಚ್ಚಿಗೆ ಸುರಿದು ಆರಲು ಬಿಡುವುದು. ಗಟ್ಟಿಯಾಗುವಾಗ ಒಳಗೆ ನೂರಾರು ಹರಳುಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ನೀಲಿ ಬಣ್ಣದ, ಚೂರುಚೂರಾಗಿ ಮಿನುಗುವ ಪ್ಯಾನೆಲ್ ನೋಡಿದ್ದರೆ ಅದು ಪಾಲಿ. ಬಿಸಿಲು ಬಿದ್ದಾಗ ಸೆಲ್ಲಿನೊಳಗೆ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಈ ಹರಳುಗಳ ಗಡಿಯಲ್ಲಿ ಸಿಕ್ಕಿಕೊಂಡು ವ್ಯರ್ಥವಾಗುತ್ತವೆ. ಪಾಲಿಯ ದಕ್ಷತೆ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ಇದೇ.

ಪಾಲಿ ತಯಾರಿಸುವುದು ಅಗ್ಗವಾಗಿತ್ತು. ಅದಕ್ಕೇ 2010ರ ದಶಕದ ಬಹುಭಾಗ ಜಗತ್ತಿನಲ್ಲಿ ಹೆಚ್ಚು ಮಾರಾಟವಾದದ್ದು ಪಾಲಿ. ಆಮೇಲೆ ವಜ್ರದ ಪುಡಿ ಅಂಟಿಸಿದ ತಂತಿಯಿಂದ ದಿಮ್ಮಿ ಕೊಯ್ಯುವ ವಿಧಾನ ಬಂತು, ಮೋನೋ ಬೆಲೆ ಇಳಿಯಿತು, ಮಾರುಕಟ್ಟೆ ತಿರುಗಿತು. ನಿಮಗೆ ಬರುವ ಎಷ್ಟೋ ಫಾರ್ವರ್ಡ್‌ಗಳು ಆ ಹಳೆಯ ಕಾಲದ ಲೆಕ್ಕವನ್ನೇ ಹೇಳುತ್ತಿವೆ.

ಮೋನೋದಿಂದ ಹೆಚ್ಚು ಯೂನಿಟ್ ಬರುತ್ತದೆಯೇ?

ಜನ ಹೆಚ್ಚು ಎಡವುವುದು ಇಲ್ಲೇ. ಪಾಲಿಯ ದಕ್ಷತೆ ಶೇ. 17ರ ಆಸುಪಾಸು, ಮೋನೋದ್ದು ಶೇ. 20ರಿಂದ 22 ಎಂದು ಕೇಳಿದ ಕೂಡಲೇ ಮೋನೋ ಹಾಕಿಸಿದರೆ ಅಷ್ಟು ಹೆಚ್ಚು ಕರೆಂಟ್ ಎಂದುಕೊಳ್ಳುತ್ತಾರೆ. ಹಾಗಲ್ಲ.

ಒಂದು ಕ್ವಿಂಟಾಲ್ ರಾಗಿ ಬೇಕು ಅಂದುಕೊಳ್ಳಿ. ಹೆಚ್ಚು ಇಳುವರಿ ಕೊಡುವ ತಳಿ ಹಾಕಿದರೆ ಕಡಿಮೆ ಜಾಗ ಸಾಕು, ಸಾಧಾರಣ ತಳಿಗೆ ಹೆಚ್ಚು ಜಾಗ ಬೇಕು. ಎರಡರಲ್ಲೂ ಬರುವುದು ಒಂದೇ ಕ್ವಿಂಟಾಲ್. ದಕ್ಷತೆ ಎಂದರೆ ಜಾಗದ ಲೆಕ್ಕ. 3 ಕಿಲೋವ್ಯಾಟ್ ಪಾಲಿ, 3 ಕಿಲೋವ್ಯಾಟ್ ಮೋನೋ ಎರಡೂ ಒಂದೇ ಬಿಸಿಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಯೂನಿಟ್ ಕೊಡುತ್ತವೆ.

ಜಾಗ ಎಷ್ಟು ಉಳಿಯುತ್ತದೆ? 330 ವ್ಯಾಟಿನ ಹಳೆಯ ಪಾಲಿ ಪ್ಯಾನೆಲ್ ಲೆಕ್ಕದಲ್ಲಿ ಒಂದು ಕಿಲೋವ್ಯಾಟ್‌ಗೆ ಸುಮಾರು 64 ಚದರಡಿ ಪ್ಯಾನೆಲ್ ಬೇಕು. 540 ವ್ಯಾಟ್ ಆಸುಪಾಸಿನ ಮೋನೋ ಆದರೆ ಸುಮಾರು 52 ಚದರಡಿ. 575 ವ್ಯಾಟಿನ ಹೊಸ ಮಾದರಿ ಆದರೆ ಸುಮಾರು 48. ಅಂದರೆ 3 ಕಿಲೋವ್ಯಾಟ್‌ಗೆ ಪಾಲಿಗೂ ಮೋನೋಗೂ ಇರುವ ವ್ಯತ್ಯಾಸ 40ರಿಂದ 50 ಚದರಡಿ, ಒಂದು ಸಣ್ಣ ಬಚ್ಚಲುಮನೆಯಷ್ಟು. ತಾರಸಿಯ ಮೇಲೆ ಈಗಾಗಲೇ ನೀರಿನ ಟ್ಯಾಂಕ್, ಮೆಟ್ಟಿಲಿನ ರೂಮು, ಬಿಸಿನೀರಿನ ಸೋಲಾರ್, ಬಟ್ಟೆ ಒಣಹಾಕುವ ಜಾಗ ಎಲ್ಲ ಇರುವ ಮನೆಗೆ ಅದು ದೊಡ್ಡದೇ. ಆದರೆ ಅದು ಒಂದೂವರೆ ಪಟ್ಟು ಕರೆಂಟ್ ಅಲ್ಲ.

ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಧೂಳು, ಮೋಡ ಎಲ್ಲ ಕಳೆದು 3 ಕಿಲೋವ್ಯಾಟ್‌ಗೆ ತಿಂಗಳಿಗೆ 300ರಿಂದ 350 ಯೂನಿಟ್ ಎಂದು ಇಟ್ಟುಕೊಳ್ಳಿ. ಯಾರಾದರೂ 500 ಬರುತ್ತದೆ ಎಂದರೆ ಬರೆದು ಕೊಡಿ ಎಂದು ಕೇಳಿ.

ಬಿಸಿಲಿಗೆ ಪಾಲಿಯೇ ಗಟ್ಟಿಯೇ?

ಇದು ಪೂರ್ತಿ ಉಲ್ಟಾ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಬಿಸಿ ಹೆಚ್ಚಿದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ, ಉತ್ಪಾದನೆ ತಗ್ಗುತ್ತದೆ.

ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಅನ್ನು ಅಳೆಯುವುದು ಸೆಲ್ಲಿನ ಉಷ್ಣತೆ 25 ಡಿಗ್ರಿ ಇರುವಾಗ. ಏಪ್ರಿಲ್ ತಿಂಗಳ ಮಧ್ಯಾಹ್ನ, ಗಾಳಿಯಿಲ್ಲದ ಹೊತ್ತಿನಲ್ಲಿ ಚಿಂತಾಮಣಿಯ ತಾರಸಿಯ ಮೇಲೆ ಸೆಲ್ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಅಲ್ಲಿಗೆ 35 ಡಿಗ್ರಿ ಹೆಚ್ಚಾಯಿತು. ಪ್ರತಿ ಡಿಗ್ರಿಗೆ ಪಾಲಿ ಸುಮಾರು ಶೇ. 0.40, ಸಾಮಾನ್ಯ ಮೋನೋ ಸುಮಾರು ಶೇ. 0.35, ಟಾಪ್‌ಕಾನ್ ಎಂಬ ಹೊಸ ಮೋನೋ ಸುಮಾರು ಶೇ. 0.30 ಕಳೆದುಕೊಳ್ಳುತ್ತದೆ. ಗುಣಿಸಿ ನೋಡಿ. 100 ವ್ಯಾಟ್ ಬರಬೇಕಾದ ಕಡೆ ಪಾಲಿಯಲ್ಲಿ 86, ಮೋನೋದಲ್ಲಿ 88, ಟಾಪ್‌ಕಾನ್‌ನಲ್ಲಿ ಸುಮಾರು 89.

ಅಂದರೆ ಬಿಸಿಗೆ ತುಸು ಹೆಚ್ಚು ಸೋಲುವುದು ಪಾಲಿಯೇ. ಆದರೆ ಮೂರರ ನಡುವಿನ ವ್ಯತ್ಯಾಸ ಮೂರು ನಾಲ್ಕು ವ್ಯಾಟ್ ಅಷ್ಟೇ. ಮೂರೂ ಕಳೆದುಕೊಳ್ಳುವ ಹತ್ತು ವ್ಯಾಟ್ ಅದಕ್ಕಿಂತ ದೊಡ್ಡದು, ಅದನ್ನು ತಗ್ಗಿಸಲು ಬೇಕಾದ್ದು ಗಾಳಿ. ಪ್ಯಾನೆಲನ್ನು ತಾರಸಿಗೋ ಶೀಟಿಗೋ ಅಂಟಿಸಿದಂತೆ ಕೂರಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸಿದರೆ ಸೆಲ್ ತಂಪಾಗಿರುತ್ತದೆ.

ನಮ್ಮ ಭಾಗದ ಬಿಸಿಲು ಸೋಲಾರ್‌ಗೆ ಆಗುವುದಿಲ್ಲ ಎಂಬ ಭಯವೂ ಬೇಡ. ಪಕ್ಕದ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವ್ಯಾಟ್ ಘಟಕ 2010ರ ಹೊತ್ತಿಗೇ ಬಂತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ನಡೆಯುತ್ತಿದೆ. ಬಯಲುಸೀಮೆಯ ಇದೇ ಬಿಸಿಲು ಅವಕ್ಕೂ.

ಪರ್ಕ್, ಟಾಪ್‌ಕಾನ್, ಹಾಫ್‌ಕಟ್, ಬೈಫೇಶಿಯಲ್: ಏನಿವೆಲ್ಲ?

ಕೊಟೇಶನ್‌ನಲ್ಲಿ ಈ ಹೆಸರುಗಳು ಬಂದಾಗ ಗಾಬರಿಯಾಗಬೇಡಿ. ಎಲ್ಲವೂ ಮೋನೋ ಕುಟುಂಬದ್ದೇ.

ಮೋನೋ ಪರ್ಕ್: ಸೆಲ್ಲಿನ ಹಿಂಬದಿಗೆ ಒಂದು ಪದರ ಹಚ್ಚಿ, ಬಳಕೆಯಾಗದೆ ಹಾದುಹೋಗುವ ಬೆಳಕನ್ನು ಮತ್ತೆ ಒಳಗೆ ತಿರುಗಿಸುತ್ತಾರೆ. ಮನೆಗೆ ಧಾರಾಳವಾಗಿ ಸಾಕು.

ಟಾಪ್‌ಕಾನ್: ಪರ್ಕ್ ನಂತರದ ಪೀಳಿಗೆ. ದಕ್ಷತೆ ತುಸು ಹೆಚ್ಚು, ಬಿಸಿಗೆ ತುಸು ಉತ್ತಮ, ವರ್ಷಗಳು ಕಳೆದಂತೆ ಕಳೆದುಕೊಳ್ಳುವುದೂ ಸ್ವಲ್ಪ ಕಡಿಮೆ. ಬೆಲೆಯ ವ್ಯತ್ಯಾಸ ಸಣ್ಣದಿದ್ದರೆ ಅಥವಾ ಜಾಗ ಕಡಿಮೆ ಇದ್ದರೆ ತೆಗೆದುಕೊಳ್ಳಿ. ವ್ಯತ್ಯಾಸ ದೊಡ್ಡದಿದ್ದರೆ ಪರ್ಕ್ ಹಾಕಿಸಿ, ಉಳಿದ ದುಡ್ಡನ್ನು ಒಳ್ಳೆಯ ಸ್ಟ್ರಕ್ಚರ್‌ಗೂ ಅರ್ಥಿಂಗ್‌ಗೂ ಹಾಕಿ.

ಹಾಫ್‌ಕಟ್: ಸೆಲ್‌ಗಳನ್ನು ಅರ್ಧ ಮಾಡಿ ಪ್ಯಾನೆಲನ್ನು ಎರಡು ಭಾಗವಾಗಿ ಜೋಡಿಸಿರುತ್ತಾರೆ. ಒಂದರ್ಧಕ್ಕೆ ನೆರಳು ಬಿದ್ದರೂ ಇನ್ನರ್ಧ ಕೆಲಸ ಮಾಡುತ್ತದೆ. ಈಗಿನ ಬಹುತೇಕ ಪ್ಯಾನೆಲ್‌ಗಳು ಹೀಗೇ ಬರುತ್ತವೆ, ಇದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ.

ಬೈಫೇಶಿಯಲ್: ಎರಡೂ ಮುಖದಿಂದ ಬೆಳಕು ಹಿಡಿಯುತ್ತದೆ. ತಾರಸಿಗೆ ಬಿಳಿ ಬಣ್ಣ ಹೊಡೆದು, ಸ್ಟ್ರಕ್ಚರ್ ಎತ್ತರಿಸಿದ್ದರೆ ಕೆಳಗಿನಿಂದ ಚಿಮ್ಮುವ ಬೆಳಕಿನಿಂದ ಸ್ವಲ್ಪ ಲಾಭ. ಶೀಟಿಗೆ ತಾಗಿಸಿದಂತೆ ಕೂರಿಸಿದರೆ ಹಿಂಬದಿಗೆ ಬೆಳಕೇ ಸಿಗುವುದಿಲ್ಲ, ಆಗ ಅದಕ್ಕಾಗಿ ಹೆಚ್ಚು ಕೊಟ್ಟ ದುಡ್ಡು ದಂಡ.

ಸಬ್ಸಿಡಿ ಬೇಕೆಂದರೆ ಈ ಮೂರಕ್ಷರ ನೋಡಿ: ಡಿಸಿಆರ್

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ. ಒಟ್ಟು 78,000 ರೂಪಾಯಿಗೆ ಮಿತಿ. 5 ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ.

ಇದಕ್ಕೆ ಮುಖ್ಯ ಷರತ್ತು, ಪ್ಯಾನೆಲ್ ಡಿಸಿಆರ್ ಆಗಿರಬೇಕು. ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಹೊರದೇಶದ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್ ಅಗ್ಗ, ಅದರ ಮೇಲೂ ಭಾರತದಲ್ಲಿ ತಯಾರಾದದ್ದು ಎಂದೇ ಇರಬಹುದು, ಆದರೆ ಸಬ್ಸಿಡಿಗೆ ಸಲ್ಲುವುದಿಲ್ಲ. ಎರಡು ಕೊಟೇಶನ್‌ಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಜೊತೆಗೆ ಎಎಲ್‌ಎಂಎಂ ಎಂದು ಕರೆಯುವ ಸರ್ಕಾರದ ಒಪ್ಪಿತ ಪ್ಯಾನೆಲ್‌ಗಳ ಪಟ್ಟಿಯಿದೆ. 2023ರಲ್ಲಿ ಈ ಪಟ್ಟಿಗೆ ಸೇರಲು ತಾರಸಿಯ ಸಿಲಿಕಾನ್ ಪ್ಯಾನೆಲ್‌ಗೆ ಕನಿಷ್ಠ ಶೇ. 19.5 ದಕ್ಷತೆ ಇರಬೇಕೆಂದು ನಿಗದಿ ಮಾಡಿದರು. ಶೇ. 17ರ ಪಾಲಿ ಹೊರಗುಳಿದದ್ದು ಅಲ್ಲೇ. ಹಾಗಾಗಿ ಈಗಲೂ ಯಾರಾದರೂ ಪಾಲಿ ಪ್ಯಾನೆಲ್ ತೋರಿಸಿ ಸಬ್ಸಿಡಿಯೂ ಬರುತ್ತದೆ ಎಂದರೆ ಅಲ್ಲೇ ನಿಲ್ಲಿಸಿ, ಲಿಖಿತವಾಗಿ ಕೇಳಿ.

ಇನ್ನು ಉಚಿತ ಸೋಲಾರ್ ಲಿಂಕ್‌ಗಳ ವಿಷಯ. ಯೋಜನೆಯ ಹೆಸರಿನಲ್ಲಿ ಉಚಿತ ಎಂಬ ಮಾತಿರುವುದು ಕರೆಂಟ್‌ಗೆ, ಪ್ಯಾನೆಲ್‌ಗೆ ಅಲ್ಲ. ಅರ್ಜಿ ಹಾಕುವುದು ಗವ್ ಡಾಟ್ ಇನ್ ಎಂದು ಕೊನೆಯಾಗುವ ಸರ್ಕಾರಿ ಪೋರ್ಟಲ್‌ನಲ್ಲಿ. ಪ್ಯಾನೆಲ್ ಕೂರಿಸಿ, ಪರಿಶೀಲನೆ ಮುಗಿದ ಮೇಲೆ ಸಬ್ಸಿಡಿ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅದನ್ನು ಬಿಡುಗಡೆ ಮಾಡಿಸಲು ಒಟಿಪಿ ಕೇಳುವವರು, ಮುಂಗಡ ಕೇಳುವವರು ಮೋಸಗಾರರು.

ಹಾಕಿಸಲೇಬೇಕಾ? ಮೊದಲು ಬಿಲ್ ನೋಡಿ

ಕರ್ನಾಟಕದಲ್ಲಿ ಈ ಲೆಕ್ಕ ಬೇರೆ ರಾಜ್ಯಗಳ ಹಾಗಲ್ಲ, ಏಕೆಂದರೆ 2023ರಿಂದ ಗೃಹಜ್ಯೋತಿ ಇದೆ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ, ಬಿಲ್ ಮಾಫಿ. ತಿಂಗಳಿಗೆ 90, 100 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಗೆ ಸೋಲಾರ್ ಹಾಕಿಸಿ ಉಳಿಸಲು ಬಿಲ್ಲೇ ಇಲ್ಲ. ನೆರೆಯವರು ಹಾಕಿಸಿದರೆಂದು ಸಾಲ ಮಾಡಬೇಡಿ.

ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಉದಾಹರಣೆಗೆ 280 ಯೂನಿಟ್ ಬಳಸುವ ಮನೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದರೆ ತಿಂಗಳಿಗೆ ಸುಮಾರು 1,700 ರೂಪಾಯಿ ಉಳಿತಾಯ, ವರ್ಷಕ್ಕೆ 20,000 ಚಿಲ್ಲರೆ. 3 ಕಿಲೋವ್ಯಾಟ್‌ಗೆ 1,80,000 ಆಗಿ, 78,000 ಸಬ್ಸಿಡಿ ಬಂದರೆ ಕೈಯಿಂದ ಹೋಗುವುದು 1,02,000. ಐದು ವರ್ಷದಲ್ಲಿ ಅಸಲು ಬರುತ್ತದೆ. ನಿಗದಿತ ಶುಲ್ಕ ಮಾತ್ರ ಮುಂದುವರಿಯುತ್ತದೆ.

ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿ ಬೆಸ್ಕಾಂಗೆ ಕರೆಂಟ್ ಮಾರಿ ದುಡ್ಡು ಮಾಡುವ ಆಸೆಯೂ ಬೇಡ. ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಬಳಕೆಗೆ ತಕ್ಕಷ್ಟೇ ಹಾಕಿಸಿ. ಗೃಹಜ್ಯೋತಿ ಸಂಪರ್ಕವಿದ್ದರೆ, ಸೋಲಾರ್ ಆದಮೇಲೆ ಬಿಲ್ ಹೇಗೆ ಬರುತ್ತದೆ ಎಂದು ಅರ್ಜಿಗೆ ಮುಂಚೆಯೇ ಬೆಸ್ಕಾಂ ಕಚೇರಿಯಲ್ಲಿ ಕೇಳಿಕೊಳ್ಳಿ.

ನಿಜವಾದ ಶತ್ರು ನೆರಳು

ಹನಿ ನೀರಾವರಿ ಪೈಪನ್ನು ಒಂದು ಕಡೆ ಮಡಚಿದರೆ ಮುಂದಿನ ಗಿಡಗಳಿಗೆಲ್ಲ ನೀರು ನಿಲ್ಲುತ್ತದೆ. ಪ್ಯಾನೆಲಿನೊಳಗೆ ಸೆಲ್‌ಗಳು ಹಾಗೆಯೇ ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ಸೆಲ್ ಮೇಲೆ ನೆರಳು ಬಿದ್ದರೆ ಆ ಸಾಲೇ ಸೊರಗುತ್ತದೆ. ಒಳಗಿರುವ ಬೈಪಾಸ್ ಡಯೋಡ್‌ಗಳು ಆ ಸಾಲನ್ನು ದಾಟಿಸಿ ಕರೆಂಟ್ ಹರಿಸುತ್ತವೆ, ಆದರೆ ಆ ಸಾಲಿನದ್ದು ನಷ್ಟವೇ.

ಚಿಂತಾಮಣಿ ಇರುವುದು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅದಕ್ಕೇ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13 ಡಿಗ್ರಿ ಇಳಿಜಾರಿನಲ್ಲಿದ್ದರೆ ಸರಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ 9 ಗಂಟೆಗೆ 5 ಅಡಿ ಎತ್ತರದ ಟ್ಯಾಂಕಿನ ನೆರಳು ಸುಮಾರು 9 ಅಡಿ ಚಾಚುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆಗ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳಲ್ಲಿ ನೆರಳಿಲ್ಲದ ಜಾಗ ಡಿಸೆಂಬರ್‌ನಲ್ಲೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಪಕ್ಕದ ಸೈಟು ಖಾಲಿಯಿದ್ದರೆ, ನಾಳೆ ಅಲ್ಲಿ ಎರಡು ಅಂತಸ್ತು ಏಳಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೈನ್‌ನಲ್ಲಿ ಕರೆಂಟ್ ಹೋದಾಗ ಏನಾಗುತ್ತದೆ?

ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಇದ್ದರೆ, ಬೆಸ್ಕಾಂ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ನಿಮ್ಮ ಮನೆಯಲ್ಲೂ ಹೋಗುತ್ತದೆ. ಮೇಲೆ ಬಿಸಿಲು ಸುಡುತ್ತಿದ್ದರೂ ಅಷ್ಟೇ. ಇದು ದೋಷವಲ್ಲ. ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಕರೆಂಟ್ ಹೋಗಿ ಹೊಡೆಯಬಾರದೆಂದು ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಪವರ್ ಕಟ್‌ನಲ್ಲೂ ದೀಪ, ಫ್ಯಾನ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಸಬ್ಸಿಡಿ ಲೆಕ್ಕ ಹಾಕುವುದು ಪ್ಯಾನೆಲಿನ ಕಿಲೋವ್ಯಾಟ್ ಮೇಲೆ, ಬ್ಯಾಟರಿ ಖರ್ಚು ನಿಮ್ಮದೇ.

ಬೋರ್‌ವೆಲ್ ನೀರಿನಲ್ಲಿ ತೊಳೆಯಬಹುದೇ?

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಒಳಗೆ ಕಟ್ಟುವ ಬಿಳಿ ಪದರವೇ ಪ್ಯಾನೆಲ್ ಗಾಜಿನ ಮೇಲೂ ಕಟ್ಟುತ್ತದೆ, ಬೆಳಕಿಗೆ ಅಡ್ಡವಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಒಳ್ಳೆಯದು. ಬೋರ್‌ವೆಲ್ ನೀರೇ ಗತಿಯಾದರೆ ನೀರು ಒಣಗುವ ಮುಂಚೆ ರಬ್ಬರ್ ವೈಪರ್‌ನಿಂದ ಎಳೆದುಬಿಡಿ. ತೊಳೆಯುವುದು ಬೆಳಿಗ್ಗೆ ಬೇಗ ಅಥವಾ ಸಂಜೆ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಒಡೆಯುವ ಅಪಾಯವಿದೆ. ಸೋಪಿನ ಪುಡಿ, ತಂತಿ ಬ್ರಷ್ ಬೇಡವೇ ಬೇಡ.

ಆಲಿಕಲ್ಲಿನ ಭಯ ಹಲವರಿಗಿದೆ. ಪ್ರಮಾಣೀಕೃತ ಪ್ಯಾನೆಲ್ ಮೇಲೆ 25 ಮಿಲಿಮೀಟರ್ ಗಾತ್ರದ ಮಂಜುಗಡ್ಡೆ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿರುತ್ತಾರೆ. ಸಾಮಾನ್ಯ ಆಲಿಕಲ್ಲು ಮಳೆಯನ್ನು ತಡೆಯುತ್ತದೆ.

ಸಹಿ ಹಾಕುವ ಮುನ್ನ ಕೇಳಬೇಕಾದ ಆರು ಪ್ರಶ್ನೆ

1. ಪ್ಯಾನೆಲಿನ ಕಂಪನಿ, ಮಾಡೆಲ್, ವ್ಯಾಟ್ ಎಷ್ಟು? ಕೊಟೇಶನ್‌ನಲ್ಲಿ ಬರೆದದ್ದೇ ಪ್ಯಾನೆಲಿನ ಹಿಂದಿನ ಲೇಬಲ್‌ನಲ್ಲಿದೆಯೇ?
2. ಡಿಸಿಆರ್ ಪ್ಯಾನೆಲ್ಲೇ? ಅದರ ದಾಖಲೆ, ಸೀರಿಯಲ್ ನಂಬರ್ ಸಮೇತ ಕೊಡುತ್ತೀರಾ?
3. ಪ್ಯಾನೆಲಿನ ದೋಷಕ್ಕೆ ಎಷ್ಟು ವರ್ಷ, ಉತ್ಪಾದನೆಗೆ ಎಷ್ಟು ವರ್ಷ ವಾರಂಟಿ? ಇವೆರಡು ಬೇರೆ ಬೇರೆ. 25 ವರ್ಷ ಎನ್ನುವುದು ಉತ್ಪಾದನೆಯದ್ದು. ಇನ್ವರ್ಟರ್ ವಾರಂಟಿ ಇನ್ನೂ ಬೇರೆ.
4. ಸ್ಟ್ರಕ್ಚರ್ ಜಿಐ ಕಬ್ಬಿಣದ್ದೇ? ಗಾಳಿಗೆ ತಡೆಯುವಂತೆ ಹೇಗೆ ಬಿಗಿಯುತ್ತೀರಿ? ತಾರಸಿ ಸೋರದಂತೆ ಏನು ಮಾಡುತ್ತೀರಿ?
5. ಅರ್ಥಿಂಗ್ ಮತ್ತು ಸಿಡಿಲು ತಡೆ ಸೇರಿದೆಯೇ? ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ನಮ್ಮ ಊರಿನಲ್ಲಿ ಇದನ್ನು ಬಿಡುವಂತಿಲ್ಲ.
6. ಐದು ವರ್ಷದ ನಿರ್ವಹಣೆ ಬರಹದಲ್ಲಿದೆಯೇ? ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ?

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

ಮೋನೋ, ಪಾಲಿ ಎರಡರಲ್ಲೂ ಒಂದು ಕಿಲೋವ್ಯಾಟ್ ಒಂದು ಕಿಲೋವ್ಯಾಟೇ, ಮೋನೋಗೆ ಜಾಗ ಕಡಿಮೆ ಸಾಕು. ಬಿಸಿಗೆ ಪಾಲಿ ಉತ್ತಮ ಎಂಬುದು ಸುಳ್ಳು. ಸಬ್ಸಿಡಿಗೆ ಡಿಸಿಆರ್ ಪ್ಯಾನೆಲ್ ಕಡ್ಡಾಯ, 78,000 ರೂಪಾಯಿಗಿಂತ ಹೆಚ್ಚು ಬರುವುದಿಲ್ಲ. ಬಿಲ್ ಶೂನ್ಯ ಇದ್ದವರಿಗೆ ಅವಸರವಿಲ್ಲ. ಹಾಕಿಸುವವರು ಮೊದಲು ತಾರಸಿಗೆ ಹೋಗಿ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಫೋನಿನಲ್ಲಿ ಒಂದೊಂದು ಫೋಟೊ ತೆಗೆಯಿರಿ. ನೆರಳು ಎಲ್ಲಿ ಬೀಳುತ್ತದೆ ಎಂದು ಆ ಮೂರು ಫೋಟೊ ಹೇಳುತ್ತವೆ. ಅವನ್ನು ಕೈಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.